ಧ್ವನಿಮುದ್ರಿಕೆಯ ಒಡೆತನ ಮತ್ತು ಮೈಸೂರಿನ ಗಾಯಕ: ರಘು ದೀಕ್ಷಿತರ ಮೊದಲ ಆಲ್ಬಮ್‌ನ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಹಾಡುಗಾರನೊಬ್ಬ ತನ್ನ ಮೊದಲ ಧ್ವನಿಮುದ್ರಿಕೆಯನ್ನು ತಾನೇ ಸಿದ್ಧಪಡಿಸಿ ಹೊರತರುವುದು ಇಂದು ಸಾಮಾನ್ಯ ಸಂಗತಿ. ಗಣಕಯಂತ್ರ, ಒಂದು ಮೈಕ್ರೋಫೋನ್ ಮತ್ತು ಅಂತರಜಾಲ ಸಂಪರ್ಕವಿದ್ದರೆ ಈ ಕಾರ್ಯ ಸಾಧ್ಯ. ಆದರೆ ಈ ಸ್ಥಿತಿಗೆ ತಲುಪಲು ಒಂದು ಶತಮಾನಕ್ಕೂ ಮೀರಿದ ಕಾಲ ಹಿಡಿದಿದೆ. ಹಾಡಿದವರು ಒಬ್ಬರು, ಹಾಡಿನ ಮುದ್ರಿಕೆಗೆ ಒಡೆಯರು ಮತ್ತೊಬ್ಬರು ಎಂಬ ವ್ಯವಸ್ಥೆಯೇ ಆ ಕಾಲದ ಬಹುಭಾಗವನ್ನು ಆಳಿತು. ಮೈಸೂರು ನಗರದ ಸಂಗೀತ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡುವ ಪ್ರಯತ್ನಗಳು ವಿರಳ. ಆಸ್ಥಾನ ವಿದ್ವಾಂಸರ ಪರಂಪರೆಯನ್ನು ಕುರಿತು ಸಾಕಷ್ಟು ಬರೆಹಗಳಿವೆ. ಮುದ್ರಿಕೆಯ ಆರ್ಥಿಕ ಸಂಬಂಧಗಳನ್ನು ಕುರಿತು ಹಾಗಿಲ್ಲ.

ಭಾರತದ ಧ್ವನಿಮುದ್ರಣದ ಆರಂಭದ ಅಧ್ಯಾಯ ಮೈಸೂರಿನೊಂದಿಗೆ ಅನಿರೀಕ್ಷಿತವಾಗಿ ಬೆಸೆದುಕೊಂಡಿದೆ. 1902ರಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಾಗ ಆತನ ಯಂತ್ರದ ಮುಂದೆ ಹಾಡಿದ ಗೋಹರ್ ಜಾನ್, ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನ ಗಾಯಕಿಯನ್ನಾಗಿ ನೇಮಿಸಿದರು. 1930ರ ಜನವರಿಯಲ್ಲಿ ಆಕೆ ಇಲ್ಲಿಯೇ ತೀರಿಕೊಂಡರು. ತಮ್ಮ ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳಿಕೊಳ್ಳುತ್ತಿದ್ದುದು ಪ್ರಸಿದ್ಧವಾಗಿದೆ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಈ ಘೋಷಣೆ ಬೇಕಾಗಿತ್ತು. ಹೆಸರು ಗಾಯಕಿಯದು, ತಟ್ಟೆ ಕಂಪನಿಯದು. ನೂರಾರು ಮುದ್ರಿಕೆಗಳ ಗಾಯಕಿಗೆ ಕೊನೆಗಾಲದಲ್ಲಿ ಆಶ್ರಯವಾದದ್ದು ತಟ್ಟೆಗಳ ವ್ಯಾಪಾರವಲ್ಲ, ಅರಮನೆ ಎಂಬ ಅಂಶ ಗಮನಾರ್ಹ.

ಧ್ವನಿಯನ್ನು ಹರಡುವ ಯಂತ್ರವನ್ನು ವ್ಯಕ್ತಿಯೊಬ್ಬರು ಸ್ವಂತ ಪ್ರಯತ್ನದಿಂದ ಕಟ್ಟಿದ ನಿದರ್ಶನವೂ ಈ ನಗರದ್ದೇ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಖಾಸಗಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಗೋಪಾಲಸ್ವಾಮಿಯವರು ಗಾಯಕರಲ್ಲ; ಆದರೂ ಸ್ವತಂತ್ರ ಪ್ರಸಾರದ ಮಾತು ಬಂದಾಗ ಅವರನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಕಾಲಕ್ರಮದಲ್ಲಿ ಆ ಕೇಂದ್ರವನ್ನು ಸರ್ಕಾರ ವಹಿಸಿಕೊಂಡಿತು.

ಕ್ಯಾಸೆಟ್ಟಿನ ಯುಗದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಹೊರಬಂದು ಭಾವಗೀತೆಗೆ ಮನೆಮನೆಯ ಮಾರುಕಟ್ಟೆ ದೊರೆಯಿತು. ಜಾತ್ರೆಗಳಲ್ಲಿ ಮಾದೇಶ್ವರ, ಮಂಟೇಸ್ವಾಮಿಯರ ಹಾಡುಗಳ ಕ್ಯಾಸೆಟ್ಟುಗಳು ಮಾರಾಟವಾದವು. ಜನಪದ ಗಾಯಕನಿಗೆ ಒಮ್ಮೆ ಕೊಡುವ ಸಂಭಾವನೆಯೇ ಕೊನೆಯ ಲೆಕ್ಕವಾಗುವುದು ಈ ವ್ಯಾಪಾರದ ಸಾಮಾನ್ಯ ರೀತಿಯಾಗಿತ್ತು.

ಈ ಹಿನ್ನೆಲೆಯಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮ್ಮನ್ನು ಪರಿಶೀಲಿಸಬಹುದು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಅವರು ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಸ್ನಾತಕೋತ್ತರ ಪದವಿ ಪಡೆದವರು. ಭರತನಾಟ್ಯವನ್ನು ಕ್ರಮವಾಗಿ ಕಲಿತವರು. ನೃತ್ಯವನ್ನು ಹಗುರವಾಗಿ ಕಂಡ ಸಹಪಾಠಿಯೊಬ್ಬನ ಸವಾಲಿಗೆ ಉತ್ತರವಾಗಿ ಗಿಟಾರನ್ನು ಕೈಗೆತ್ತಿಕೊಂಡ ಕಥೆಯನ್ನು ಅವರೇ ಹಲವು ಬಾರಿ ಹೇಳಿದ್ದಾರೆ. ‘ಅಂತರಾಗ್ನಿ’ ಎಂಬ ತಂಡ, ಉದ್ಯೋಗ ನಿಮಿತ್ತ ಬೆಲ್ಜಿಯಂ ವಾಸ, ಮರಳಿ ಬಂದು ಸಂಗೀತವನ್ನೇ ವೃತ್ತಿಯಾಗಿಸಿಕೊಂಡದ್ದು, ಅನಂತರ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡದ ರಚನೆ ಇವು ಮುಂದಿನ ಘಟ್ಟಗಳು. ಮುದ್ರಿಕಾ ಕಂಪನಿಗಳು ತಮ್ಮ ಹಾಡುಗಳನ್ನು ವರ್ಷಗಟ್ಟಲೆ ಒಪ್ಪಲಿಲ್ಲವೆಂದು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಸಿನಿಮಾ ಗೀತೆಯೇ ಮಾರುಕಟ್ಟೆಯಾಗಿದ್ದ ದೇಶದಲ್ಲಿ, ಒಂದೇ ಆಲ್ಬಮ್ಮಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಹಾಡುಗಳನ್ನಿಟ್ಟು ಬಂದವನನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬುದು ವ್ಯಾಪಾರಿಗಳಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ಕೊನೆಗೆ 2008ರಲ್ಲಿ, ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಸ್ಥಾಪಿಸಿದ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಆ ಆಲ್ಬಮ್ಮನ್ನು ಹೊರತಂದಿತು. ಹೀಗಾಗಿ ಕಟ್ಟುನಿಟ್ಟಾದ ಅರ್ಥದಲ್ಲಿ ಅದನ್ನು ಗಾಯಕನ ಸ್ವಂತ ಪ್ರಕಟಣೆ ಎನ್ನಲಾಗದು. ದೊಡ್ಡ ಕಂಪನಿಗಳ ಹೊರಗೆ, ಸಂಗೀತಗಾರರ ನೆರವಿನಿಂದ ಸಂಗೀತಗಾರನೊಬ್ಬ ಹೊರಬಂದ ಪ್ರಸಂಗವೆಂದರೆ ಹೆಚ್ಚು ಸರಿ.

ಜಾನಪದ ಅಧ್ಯಯನದ ದೃಷ್ಟಿಯಿಂದ ಆ ಆಲ್ಬಮ್ಮಿನ ತಿರುಳಿರುವುದು ಎಂಟು ಹಾಡುಗಳಲ್ಲಿ ಸೇರಿರುವ ಶಿಶುನಾಳ ಶರೀಫರ ಎರಡು ತತ್ವಪದಗಳಲ್ಲಿ. ಗುಡುಗುಡಿಯ ಪದ ಒಂದು, ಸೋರುವ ಮನೆಯ ಪದ ಇನ್ನೊಂದು. ಸಿ. ಅಶ್ವತ್ಥರ ಗಾಯನದಿಂದಲೂ, ಟಿ. ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದಲೂ ಶರೀಫರ ಪದಗಳು ನಗರದ ಕಿವಿಗೆ ಮೊದಲೇ ಬಿದ್ದಿದ್ದವು. ದೀಕ್ಷಿತರು ಗಿಟಾರ್, ಪಿಟೀಲು, ಡ್ರಮ್ಮುಗಳೊಂದಿಗೆ ಅವನ್ನು ಯುವಜನರ ವೇದಿಕೆಗೆ ತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರು ಹಾಡಿದರು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಪಾಲ್ಗೊಂಡರು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸ ಕಲಾವಿದರಿಗೆ ನೀಡುವ ಪ್ರಶಸ್ತಿ ಅವರಿಗೆ ಬಂದಿತು. ಲಯದ ವೇಗದಲ್ಲಿ ತತ್ವದ ಭಾರ ತಗ್ಗಿತೆಂಬ ಆಕ್ಷೇಪವನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ತಂಬೂರಿ, ದಮ್ಮಡಿಗಳೊಂದಿಗೆ ಭಜನೆಯ ಗುಂಪುಗಳು ಇವೇ ಪದಗಳನ್ನು ಊರಿಗೊಂದು ಧಾಟಿಯಲ್ಲಿ ಹಾಡುವಾಗ ಎತ್ತದ ಪ್ರಶ್ನೆಯನ್ನು ಗಿಟಾರಿನ ಮುಂದೆ ಮಾತ್ರ ಎತ್ತುವುದು ಪಕ್ಷಪಾತವಾದೀತು.

ಒಡೆತನದ ಪ್ರಶ್ನೆ ತೀವ್ರವಾಗುವುದು ಇಲ್ಲಿಯೇ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಕರ್ತೃವೆಂದರೆ ಹಾಡಿದವನಲ್ಲ, ಅದರ ನಿರ್ಮಾಪಕ. ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ ಅವನ ಹಕ್ಕು ನಡೆಯುತ್ತದೆ. 2008ರ ಮುದ್ರಿಕೆಯೊಂದರ ಹಕ್ಕು 2068ರ ಕೊನೆಯವರೆಗೆ ಇರುತ್ತದೆ. ಗಾಯಕರಿಗೆ ಪ್ರದರ್ಶಕರ ಹಕ್ಕು ದೊರೆತದ್ದು 1994ರ ತಿದ್ದುಪಡಿಯಿಂದ. ವಾಣಿಜ್ಯ ಬಳಕೆಯಲ್ಲಿ ಗೌರವಧನದ ಪಾಲನ್ನು ಕಾಯಿದೆ ಹೇಳಿದ್ದು 2012ರ ತಿದ್ದುಪಡಿಯಲ್ಲಿ. ಗಾಯಕ ತಾನೇ ನಿರ್ಮಾಪಕನಾಗಬಯಸುವುದರ ಹಿಂದೆ ಕಲಾಸ್ವಾತಂತ್ರ್ಯದ ಹಂಬಲ ಎಷ್ಟಿದೆಯೋ ಈ ಕಾನೂನಿನ ಅರಿವೂ ಅಷ್ಟೇ ಇದೆ.

1889ರಲ್ಲಿ ತೀರಿಕೊಂಡ ಶರೀಫರ ಪದಗಳ ಮೇಲೆ ಯಾರ ಕೃತಿಸ್ವಾಮ್ಯವೂ ಇಲ್ಲ. ಅವುಗಳ ಮುದ್ರಿಕೆಗಳ ಮೇಲೆ ಮಾತ್ರ ಇದೆ. ಹಾಗಿದ್ದರೂ ಶರೀಫರು ಕಳೆದುಹೋಗುವುದಿಲ್ಲ. ಪದದ ಕೊನೆಯಲ್ಲಿ ಬರುವ ಶಿಶುನಾಳಧೀಶನ ಅಂಕಿತ ಯಾವ ವಾದ್ಯದ ನಡುವೆಯೂ ಅವರನ್ನು ಗುರುತಿಸಿಕೊಡುತ್ತದೆ. ಗೋಹರ್ ಜಾನ್ ಹಾಡಿನ ಕೊನೆಗೆ ಹೆಸರು ಹೇಳಿದ್ದು ಹ್ಯಾನೋವರಿನ ಕೆಲಸಗಾರನಿಗಾಗಿ. ವಚನಕಾರರು, ದಾಸರು, ತತ್ವಪದಕಾರರು ಅದೇ ಕೆಲಸವನ್ನು ಯಂತ್ರವಿಲ್ಲದ ಕಾಲದಲ್ಲಿಯೇ ಮಾಡಿಕೊಂಡಿದ್ದರು. ಮಾದೇಶ್ವರನ ಕಾವ್ಯಕ್ಕೆ ಇಂತಹ ರಕ್ಷಣೆ ಇಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ತಲೆಮಾರುಗಳಿಂದ ಹಾಡಿಕೊಂಡು ಬಂದ ಸಾಲುಗಳಲ್ಲಿ ಅವರ ಹೆಸರಿಲ್ಲ, ಇರುವುದು ದೇವರ ಹೆಸರು ಮಾತ್ರ. 2008ರ ‘ಸೈಕೋ’ ಚಿತ್ರಕ್ಕೆ ಸಂಗೀತ ನೀಡಿದ ದೀಕ್ಷಿತರು ಮಾದೇಶ್ವರನನ್ನು ಕರೆದು ಹಾಡಿದ ಗೀತೆ ನಗರದ ಕಾಲೇಜುಗಳಲ್ಲಿ ಜನಪ್ರಿಯವಾಯಿತು. ಕಾಯಿದೆಯ ಪ್ರಕಾರ ಆ ಮುದ್ರಿಕೆಗೆ ನಿರ್ಮಾಪಕನಿದ್ದಾನೆ, ಗೀತೆಗೆ ರಚಕನಿದ್ದಾನೆ, ಸಂಗೀತಕ್ಕೆ ಸಂಯೋಜಕನಿದ್ದಾನೆ. ಮಾದಪ್ಪನನ್ನು ಕರೆಯುವ ಆ ಪರಂಪರೆಯನ್ನು ಉಳಿಸಿಕೊಂಡು ಬಂದ ಗುಡ್ಡನಿಗೆ ಅದೇ ಕಾಯಿದೆಯಲ್ಲಿ ಹೆಸರಿಲ್ಲ.