ಊರಿಗೊಂದ ಟಿವಿ ಇದ್ದ ಕಾಲ

ನಮ್ಮ ಕಡೆ ಟಿವಿ ಮೊದಲ ಬಂದದ್ದು ಮನಿಗಲ್ರಿ, ಊರಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಅನ್ನೋ ಪ್ರಯೋಗ ನಡೀತು. ಉಪಗ್ರಹ ಕಡಾ ತಂದದ್ದು, ಅಮೆರಿಕದ ನಾಸಾದ್ದು. ಆರು ರಾಜ್ಯದ ಸುಮಾರು 2,400 ಹಳ್ಳಿಯೊಳಗ ನಮ್ಮ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲಾದ ಹಳ್ಳಿಗಳೂ ಇದ್ದವು. ಇಡೀ ಊರಿಗೆ ಒಂದ ಸೆಟ್. ಮುಂಜಾನೆ ಸಾಲಿ ಹುಡುಗರಿಗೆ ಪಾಠ, ಸಂಜಿಗೆ ಒಕ್ಕಲುತನ, ಆರೋಗ್ಯ, ಮನರಂಜನೆ. 1976ರ ಜುಲೈ 31ಕ್ಕ ಅವಧಿ ಮುಗೀತು, ಉಪಗ್ರಹ ಹೊಳ್ಳಿ ಹೋತು.

ಆಮ್ಯಾಲೆ ಟಿವಿ ಮನಿಯೊಳಗ ಬಂತು. ಆದ್ರೂ ಎಲ್ಲಾರ ಮನಿಗಲ್ಲ, ನಮ್ಮ ಓಣಿಗೆ ಒಂದ ಇತ್ತು. 1987ರ ಜನವರಿಯಿಂದ ರವಿವಾರ ಮುಂಜಾನೆ ರಮಾನಂದ ಸಾಗರ ಅವರ 'ರಾಮಾಯಣ' ಸುರು ಆತು. ಮಾತೆಲ್ಲ ಹಿಂದಿ. ನಮ್ಮವ್ವಗ ಹಿಂದಿ ಬರ್ತಿದ್ದಿಲ್ಲ. ಬಾಜೂ ಮನಿ ಖಾಲಾ ಮಾತು ತಿಳಿಸಿ ಹೇಳಾಕಿ. ಮುಂದಿನ ಕತಿ ಏನದ ಅಂತ ಅವ್ವ ಆಕಿಗೆ ಹೇಳಾಕಿ. ಮಾತು ಒಬ್ಬಾಕಿದು, ಕತಿ ಇನ್ನೊಬ್ಬಾಕಿದು. ಹಿಂದ ಕುಂತವರಿಗೆ ಇಬ್ಬರದೂ ಬೇಕಾಗ್ತಿತ್ತು.

ರೊಟ್ಟಿ ಬಡಿಯೋದು ಬಿಟ್ಟು ಹೆಣ್ಮಕ್ಕಳು ತಾಸುಗಟ್ಲೆ ಒಂದ ಕಡೆ ಕೂಡೂದು ಮದವಿ, ಜಾತ್ರಿ, ಸಾವಿನಾಗ ಅಷ್ಟ ಇತ್ತು. ವಾರಕ್ಕೊಮ್ಮೆ ಕೂಡಾಕ ಕಾರಣ ಕೊಟ್ಟದ್ದು ಆ ಟಿವಿ.

ಈಗ ಫೋನಿನಾಗ ಕನ್ನಡಕ್ಕ ಡಬ್ ಆದದ್ದ ಸಿಗ್ತದ. ತಿಳಿಸಿ ಹೇಳವರು ಬೇಕಾಗಿಲ್ಲ. "ಈ ಸೀರಿಯಲ್ ಚಲೋ ಅದ, ನೋಡು" ಅಂತ ಬರೇ ಹೆಸರು ಕಳಸ್ತೀವಿ. ಮುಂದಿನ ಸಲ ಹೆಸರು ಕಳಿಸೋ ಬದಲು, ಬಾಜೂ ಮನಿಯಾಕಿನ್ನ ಕರೀರಿ. ಒಂದು ಚಾಪಿ ಹಾಸಿದ್ರ ಸಾಕು.