ವಾಣಿಜ್ಯ ಹಡಗು ವೃತ್ತಿ: ಶಿಕ್ಷಣ ಮತ್ತು ಇಂಗ್ಲಿಷ್ ಭಾಷಾ ಅರ್ಹತೆ

ವಾಣಿಜ್ಯ ಹಡಗುಗಳ ಅಧಿಕಾರಿ ಹಾಗೂ ನಾವಿಕರ ತರಬೇತಿಯನ್ನು ಕೇಂದ್ರ ಸರ್ಕಾರದ ಹಡಗು ಸಾಗಣೆ ಮಹಾನಿರ್ದೇಶನಾಲಯವು ನಿಯಂತ್ರಿಸುತ್ತದೆ.

ವಿದ್ಯಾರ್ಹತೆ: ಮೂರು ವರ್ಷಗಳ ನೌಕಾ ವಿಜ್ಞಾನ ಮತ್ತು ನಾಲ್ಕು ವರ್ಷಗಳ ಮೆರೈನ್ ಎಂಜಿನಿಯರಿಂಗ್ ಪದವಿಗಳಿಗೆ ಸಾಮಾನ್ಯವಾಗಿ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಸರಾಸರಿ ಶೇ. 60 ಅಂಕಗಳನ್ನು ಹಾಗೂ ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯ ಇಂಗ್ಲಿಷ್‌ನಲ್ಲಿ ಶೇ. 50 ಅಂಕಗಳನ್ನು ಪಡೆದಿರತಕ್ಕದ್ದು. ಆದುದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಪ್ರೌಢಶಾಲಾ ಹಂತದಿಂದಲೇ ಇಂಗ್ಲಿಷ್ ಅಭ್ಯಾಸಕ್ಕೆ ಗಮನ ನೀಡುವುದು ಅಗತ್ಯ.

ಭಾಷಾ ತರಬೇತಿ: ನಾವಿಕರ ತರಬೇತಿ ಕುರಿತ 1978ರ ಅಂತರರಾಷ್ಟ್ರೀಯ ಒಡಂಬಡಿಕೆಯನ್ವಯ, 500 ಗ್ರಾಸ್ ಟನ್ನೇಜ್ ಹಾಗೂ ಮೇಲ್ಪಟ್ಟ ಹಡಗುಗಳ ನೌಕಾಚಾಲನಾ ಪಾಳಿಯ ಅಧಿಕಾರಿಗಳು ಪ್ರಮಾಣಿತ ಕಡಲ ಸಂವಹನ ವಾಕ್ಯಗಳನ್ನು ಬಲ್ಲವರಾಗಿರಬೇಕು. ಈ ವಾಕ್ಯಗಳನ್ನು ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 2001ರಲ್ಲಿ ಅಂಗೀಕರಿಸಿತು. ತಪ್ಪು ಗ್ರಹಿಕೆಯಿಂದ ಅಪಘಾತವಾಗದಂತೆ, 150 ಎಂಬುದನ್ನು ‘ಒನ್ ಫೈವ್ ಜೀರೋ’ ಎಂದು ಬಿಡಿಯಾಗಿ ಹೇಳಲಾಗುತ್ತದೆ. ಚುಕ್ಕಾಣಿ ಹಿಡಿದವರು ಆಜ್ಞೆಯನ್ನು ಪುನರುಚ್ಚರಿಸುತ್ತಾರೆ.

ಕಡಲ ವಿಜ್ಞಾನ: 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದ ಪದವಿಯು ಪ್ರತ್ಯೇಕ ಶಿಕ್ಷಣವಾಗಿದ್ದು, ಹಡಗಿನ ಅಧಿಕಾರಿ ತರಬೇತಿಗೆ ಪರ್ಯಾಯವಲ್ಲ.

ಸೂಚನೆ: ಶುಲ್ಕ ಪಾವತಿಸುವ ಮುನ್ನ ಸಂಸ್ಥೆ ಮತ್ತು ಕೋರ್ಸ್ ಎರಡೂ ಮಹಾನಿರ್ದೇಶನಾಲಯದ ಅನುಮೋದಿತ ಪಟ್ಟಿಯಲ್ಲಿರುವುದನ್ನು ಅಭ್ಯರ್ಥಿಗಳು ಹಾಗೂ ಪೋಷಕರು ಖಚಿತಪಡಿಸಿಕೊಳ್ಳತಕ್ಕದ್ದು. ಅನುಮೋದನೆಯಿಲ್ಲದ ತರಬೇತಿಯನ್ನು ಅಧಿಕಾರಿ ಅರ್ಹತಾ ಪರೀಕ್ಷೆಗೆ ಪರಿಗಣಿಸಲಾಗುವುದಿಲ್ಲ.