ಬದನೆಕಾಯಿಯ ಬಾಗ್ದಾದ್ ಪಯಣ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮಂಥವರಿಗೆ ಒಂದು ಪ್ರಶ್ನೆ ಚೆನ್ನಾಗಿ ಪರಿಚಿತ. ಹೆಸರು, ಕೆಲಸ, ಮುಂಗಡ ಹಣದ ಮಾತು ಮುಗಿಯುವ ಮೊದಲೇ ‘ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ?’ ಎಂದು ಕೇಳುತ್ತಾರೆ. ನಾಲ್ಕು ಕಡೆ ನಮ್ಮನ್ನು ಹಾಗೆ ಕೇಳಿ ಕಳುಹಿಸಿದರು. ಐದನೆಯ ಕಡೆ ಆ ಪ್ರಶ್ನೆ ಬರಲಿಲ್ಲ. ಹಾಗಾಗಿ ಮೂರನೆಯ ಮಹಡಿಯ ಒಂದು ಫ್ಲ್ಯಾಟ್ ನಮ್ಮದಾಯಿತು. ಅಡುಗೆಮನೆ ಎಷ್ಟು ಚಿಕ್ಕದೆಂದರೆ ಇಬ್ಬರು ನಿಂತರೆ ಮೂರನೆಯವರು ಬಾಗಿಲಾಚೆ ನಿಂತು ಮಾತಾಡಬೇಕು. ಒಗ್ಗರಣೆ ಹಾಕಿದರೆ ಅದರ ಸುದ್ದಿ ಎದುರು ಮನೆಗೆ ನಮಗಿಂತ ಮೊದಲೇ ತಲುಪಿರುತ್ತದೆ.

ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಒಬ್ಬರ ಅಡುಗೆಯಿಂದ ಅವರು ಯಾರು, ಎಲ್ಲಿಯವರು ಎಂದು ತೀರ್ಮಾನಿಸಿಬಿಡಬಹುದೇ? ಯಾವ ಅಡುಗೆ ಈ ನೆಲದ್ದು, ಯಾವುದು ಹೊರಗಿನದು? ಇದನ್ನು ತಿಳಿಯಲು ನಾವು ಹಳೆಯ ಪಾಕಗ್ರಂಥಗಳ ಬೆನ್ನು ಹತ್ತಿದೆವು. ಓದಿದ್ದನ್ನು ರಜಾದಿನಗಳಲ್ಲಿ ಒಲೆಯ ಮೇಲೂ ಪರೀಕ್ಷಿಸಿದೆವು. ಆ ಪರೀಕ್ಷೆಗಳಲ್ಲಿ ಒಂದು ಮಾತ್ರ ಇಲ್ಲಿದೆ. ಅದು ಬದನೆಕಾಯಿಯದ್ದು.

ರಾಣಿಯ ಹೆಸರಿನ ಪಲ್ಯ

ಕ್ರಿ.ಶ. 1226ರಲ್ಲಿ, ಅಂದರೆ ಹಿಜರಿ 623ರಲ್ಲಿ, ಬಾಗ್ದಾದಿನ ಮುಹಮ್ಮದ್ ಬಿನ್ ಹಸನ್ ಎಂಬವರು ‘ಕಿತಾಬುತ್ತಬೀಖ್’ ಎಂಬ ಪಾಕಗ್ರಂಥವನ್ನು ರಚಿಸಿದರು. ಇತಿಹಾಸದಲ್ಲಿ ಅವರು ಅಲ್ ಬಾಗ್ದಾದಿ ಎಂದೇ ಪ್ರಸಿದ್ಧರು. ಮನುಷ್ಯನ ಸುಖಗಳನ್ನು ಆರು ಬಗೆಯಾಗಿ ಎಣಿಸಿ, ಅವುಗಳಲ್ಲಿ ಊಟವೇ ಮೇಲು ಎಂದು ಯಾವ ಸಂಕೋಚವೂ ಇಲ್ಲದೆ ಮುನ್ನುಡಿಯಲ್ಲಿ ಬರೆದವರು ಅವರು. ಆ ಪುಸ್ತಕ ಬರೆದು 32 ವರ್ಷಗಳಾಗುವಷ್ಟರಲ್ಲಿ, 1258ರಲ್ಲಿ, ಹುಲಾಗು ಖಾನನ ಮಂಗೋಲ್ ಸೇನೆ ಬಾಗ್ದಾದನ್ನು ನೆಲಸಮ ಮಾಡಿತು. ಅರಮನೆಗಳು ಹೋದವು, ಗ್ರಂಥಾಲಯಗಳು ಹೋದವು. ಈ ಅಡುಗೆ ಪುಸ್ತಕ ಮಾತ್ರ ಹೇಗೋ ಉಳಿದುಕೊಂಡಿತು.

ಅದರಲ್ಲಿ ‘ಬೂರಾನಿಯ್ಯ’ ಎಂಬ ಒಂದು ಅಡುಗೆಯಿದೆ. ಮಾಂಸವನ್ನು ಕೊತ್ತಂಬರಿ ಬೀಜ, ಜೀರಿಗೆ, ಚಕ್ಕೆಗಳೊಂದಿಗೆ ಬೇಯಿಸಬೇಕು. ಬದನೆಕಾಯಿ ಮತ್ತು ಇಡೀ ಈರುಳ್ಳಿಯನ್ನು ಎಳ್ಳೆಣ್ಣೆಯಲ್ಲೋ ಕುರಿಯ ಬಾಲದ ಕೊಬ್ಬಿನಲ್ಲೋ ಕರಿದು ಅದರ ಮೇಲೆ ಹರಡಬೇಕು. ಕೇಸರಿಯ ಬಣ್ಣ ಕೊಟ್ಟು, ಪನ್ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಬಿಡಬೇಕು. ಈ ಹೆಸರು ಬಂದದ್ದು ಬೂರಾನ್ ಎಂಬ ಮಹಿಳೆಯಿಂದ. ಅವರು ಅಬ್ಬಾಸಿ ಖಲೀಫ ಮಅಮೂನರ ಪತ್ನಿ, ವಜೀರ ಹಸನ್ ಬಿನ್ ಸಹ್ಲ್ ಅವರ ಮಗಳು. 825ರಲ್ಲಿ ಟೈಗ್ರಿಸ್ ನದಿಯ ದಡದಲ್ಲಿ ನಡೆದ ಅವರ ಮದುವೆಯ ವೈಭವವನ್ನು ಅರಬ್ ಇತಿಹಾಸಕಾರರು ಶತಮಾನಗಳ ಕಾಲ ವರ್ಣಿಸಿದರು. ಕಸ್ತೂರಿಯ ಉಂಡೆಗಳೊಳಗೆ ಜಮೀನು, ಜಹಗೀರುಗಳ ಹೆಸರು ಬರೆದ ಚೀಟಿಗಳನ್ನಿಟ್ಟು ಅತಿಥಿಗಳತ್ತ ಎರಚಿದ್ದರಂತೆ. ಆ ಜಹಗೀರುಗಳಾಗಲಿ, ಆ ಮುತ್ತುರತ್ನಗಳಾಗಲಿ ಇಂದು ಇಲ್ಲ. ಬೂರಾನ್ ಎಂಬ ಹೆಸರನ್ನು ಸಾವಿರದ ಇನ್ನೂರು ವರ್ಷ ಹೊತ್ತು ತಂದದ್ದು ಬದನೆಕಾಯಿ!

ಮೊದಲು ಬಾಗ್ದಾದಿನವರಿಗೆ ಬದನೆಕಾಯಿ ಎಂದರೆ ಅಷ್ಟಕ್ಕಷ್ಟೇ ಆಗಿತ್ತು. ಅದು ದೇಹದಲ್ಲಿ ಕಪ್ಪು ಪಿತ್ತವನ್ನು ಹೆಚ್ಚಿಸುತ್ತದೆ ಎಂದು ವೈದ್ಯರು ಎಚ್ಚರಿಸುತ್ತಿದ್ದರು. ಆದರೆ ಅಡುಗೆಯವರು ಸೋಲಲಿಲ್ಲ. ಹೆಚ್ಚಿದ ಕಾಯಿಗೆ ಉಪ್ಪು ಹಾಕಿ, ಕಹಿ ನೀರನ್ನು ಬಸಿದು ತೆಗೆಯುವ ಉಪಾಯ ಕಂಡುಕೊಂಡರು. ಹತ್ತನೆಯ ಶತಮಾನದ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಅವರ ಗ್ರಂಥ 600ಕ್ಕೂ ಹೆಚ್ಚು ಪಾಕಗಳ ದೊಡ್ಡ ಭಂಡಾರ. ಅಷ್ಟರಲ್ಲಾಗಲೇ ಬದನೆಕಾಯಿ ಖಲೀಫರ ಊಟದಲ್ಲಿ ಮರ್ಯಾದೆಯ ಸ್ಥಾನ ಪಡೆದಿತ್ತು.

ಹೊರಟದ್ದು ಎಲ್ಲಿಂದ?

ಬದನೆಕಾಯಿ ಬಾಗ್ದಾದಿನ ಬೆಳೆಯಲ್ಲ. ಅದು ಭಾರತ ಮತ್ತು ಅದರ ಪೂರ್ವದ ನಾಡುಗಳ ಕಾಯಿ. ಇಲ್ಲಿಂದ ಇರಾನಿಗೆ ಹೋಯಿತು, ಇರಾನಿನಿಂದ ಅರಬರ ಕೈಸೇರಿತು. ಹೆಸರೂ ಜೊತೆಯಲ್ಲೇ ಹೋಯಿತು. ಸಂಸ್ಕೃತದ ‘ವಾತಿಂಗನ’ ಪಾರಸಿಯಲ್ಲಿ ‘ಬಾದಿಂಗಾನ್’ ಆಗಿ, ಅರಬಿಯಲ್ಲಿ ‘ಬಾದಿಂಜಾನ್’ ಆಯಿತು. ಸಂಸ್ಕೃತದ ಆ ಪದಕ್ಕೂ ದ್ರಾವಿಡ ಮೂಲವನ್ನು ಗುರುತಿಸುವ ಭಾಷಾ ವಿದ್ವಾಂಸರಿದ್ದಾರೆ. ಹಾಗೆ ನೋಡಿದರೆ ನಮ್ಮ ‘ಬದನೆ’ಯೂ ಮಲಯಾಳದ ‘ವಳುತನ’ವೂ ಬಾಗ್ದಾದಿನ ಬಾದಿಂಜಾನಿಗೆ ದೂರದ ನೆಂಟರು.

ಅರಬರು ಅದನ್ನು ಸ್ಪೇನಿಗೆ ಒಯ್ದರು. ಅಲ್ಲಿ ಅದು ‘ಬೆರೆನ್‌ಹೇನಾ’. ಬೂರಾನಿಯ್ಯ ಅಲ್ಲಿ ‘ಅಲ್ಬೊರೊನಿಯಾ’ ಆಗಿ ಇಂದಿಗೂ ಉಳಿದಿದೆ. ಪೋರ್ಚುಗೀಸರು ಕಾಯಿಯನ್ನು ‘ಬೆರಿಂಜೆಲಾ’ ಎಂದರು. ಅವರು ಭಾರತಕ್ಕೆ ಬಂದಾಗ ಆ ಪದವೂ ಹಡಗು ಹತ್ತಿ ಬಂತು. ನಾವು ಇಂಗ್ಲಿಷಿನಲ್ಲಿ ಹೇಳುವ ‘ಬ್ರಿಂಜಾಲ್’ ಅದೇ ಪದ. ತವರಿನಿಂದ ಹೊರಟ ಹೆಸರು ಇರಾನ್, ಅರೇಬಿಯ, ಸ್ಪೇನ್, ಪೋರ್ಚುಗಲ್ ಸುತ್ತಿ, ವೇಷ ಬದಲಿಸಿಕೊಂಡು ತವರಿಗೇ ಬಂತು. ಅಷ್ಟರಲ್ಲಿ ಇಲ್ಲಿಯವರಿಗೇ ಅದರ ಗುರುತು ಸಿಗದಂತಾಗಿತ್ತು.

ಬೂರಾನಿಯ್ಯದ ಪಾಕ ನಮ್ಮ ಕಾಲಕ್ಕೆ ತಲುಪಿದ ದಾರಿಯಲ್ಲೂ ಒಂದು ಸ್ವಾರಸ್ಯವಿದೆ. ಅಲ್ ಬಾಗ್ದಾದಿಯ ಹಸ್ತಪ್ರತಿ ಇಸ್ತಾಂಬುಲಿನಲ್ಲಿತ್ತು. 1934ರಲ್ಲಿ ಅದು ಇರಾಕಿನ ಮೋಸುಲ್‌ನಲ್ಲಿ ಅಚ್ಚಾಯಿತು. 1939ರಲ್ಲಿ ಎ.ಜೆ. ಆರ್ಬೆರಿ ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. ಆ ಅನುವಾದ ಮೊದಲು ಪ್ರಕಟವಾದದ್ದು ಲಂಡನ್ನಿನಲ್ಲಲ್ಲ, ನಮ್ಮ ದಖ್ಖನಿನ ಹೈದರಾಬಾದಿನಲ್ಲಿ, ‘ಇಸ್ಲಾಮಿಕ್ ಕಲ್ಚರ್’ ಎಂಬ ಪತ್ರಿಕೆಯಲ್ಲಿ. ಆಗ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು.

ಕನ್ನಡ ನೆಲದ ಸಾಕ್ಷಿ

ಅಲ್ ಬಾಗ್ದಾದಿಗಿಂತ ನೂರು ವರ್ಷ ಮೊದಲೇ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ಬರೆದಿದ್ದ. ಅದರ ಅನ್ನಭೋಗದ ಭಾಗದಲ್ಲಿ ತರಕಾರಿಯೂ ಇದೆ, ಮಾಂಸವೂ ಇದೆ. ಬದನೆಕಾಯಿಯ ಒಳಗನ್ನು ಕೊರೆದು, ಮಸಾಲೆ ಬೆರೆಸಿದ ಕೈಮಾ ತುಂಬಿ ಎಣ್ಣೆಯಲ್ಲಿ ಬೇಯಿಸುವ ಕ್ರಮವನ್ನೂ ಆ ದೊರೆ ದಾಖಲಿಸಿದ್ದಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಜೈನ ಕವಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ ಬರೆದ. ಅದು ಸಂಪೂರ್ಣ ಶಾಕಾಹಾರದ ಗ್ರಂಥ. ಅಲ್ಲೂ ಬದನೆಕಾಯಿಗೆ ವಿಶೇಷ ಮರ್ಯಾದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮಾಳವದ ಮಾಂಡುವಿನಲ್ಲಿ ಸುಲ್ತಾನ್ ಗಿಯಾಸುದ್ದೀನ್ ಶಾಹನಿಗಾಗಿ ಸಿದ್ಧವಾದ ಪಾರಸಿ ಗ್ರಂಥ ‘ನಿಅಮತ್‌ನಾಮ’ದಲ್ಲೂ ಬದನೆಕಾಯಿಯ ಪಾಕಗಳಿವೆ. ಚಾಲುಕ್ಯ ದೊರೆ, ಜೈನ ಕವಿ, ಮಾಳವದ ಸುಲ್ತಾನ, ಬಾಗ್ದಾದಿನ ವಿದ್ವಾಂಸ, ಈ ನಾಲ್ವರ ಊಟದಲ್ಲೂ ಇದೊಂದು ಕಾಯಿ ಸಮಾನವಾಗಿತ್ತು.

ನಮ್ಮ ಒಲೆಯ ಮೇಲೆ

ಓದಿದ್ದು ಇಷ್ಟಾದ ಮೇಲೆ ಮಾಡದೆ ಇರಲಾದೀತೇ? ಕುರಿಬಾಲದ ಕೊಬ್ಬಿಗೆ ಬದಲು ಎಳ್ಳೆಣ್ಣೆ ತಂದೆವು. ಬದನೆಕಾಯಿ ಸೀಳಿ ಧಾರಾಳವಾಗಿ ಉಪ್ಪು ಸವರಿ ಇಟ್ಟೆವು. ಅದನ್ನು ತೊಳೆದು ಹಿಂಡಬೇಕೆಂಬುದು ಮರೆತೇಹೋಯಿತು. ಮೊದಲ ದಿನದ ಬೂರಾನಿಯ್ಯ ಸಮುದ್ರದ ನೀರಿನಂತಾಯಿತು. ಆ ರಾತ್ರಿ ಮನೆಮಂದಿ ಮೊಸರನ್ನ ಉಂಡು ಮಲಗಿದರು.

ಎರಡನೆಯ ಸಲ ಕಾಯಿ ತೊಳೆದೆವು, ಹಿಂಡಿದೆವು, ಬಟ್ಟೆಯಲ್ಲಿ ಒರೆಸಿ ಕರಿದೆವು. ಕೇಸರಿ, ಪನ್ನೀರಿನ ಘಮ ಮೆಟ್ಟಿಲಿಳಿದು ಹೋಯಿತು. ರುಚಿ ಚೆನ್ನಾಗಿಯೇ ಇತ್ತು. ಆದರೆ ಮಕ್ಕಳು ಒಂದು ತುತ್ತು ತಿಂದು ಮುಖ ನೋಡಿದರು. ಕಾರಣ ಸರಳ. ಅದರಲ್ಲಿ ಖಾರವಿರಲಿಲ್ಲ. ಅಲ್ ಬಾಗ್ದಾದಿಗಾಗಲಿ ಸೋಮೇಶ್ವರನಿಗಾಗಲಿ ಮಂಗರಸನಿಗಾಗಲಿ ಮೆಣಸಿನಕಾಯಿ ಎಂದರೇನೆಂದೇ ತಿಳಿದಿರಲಿಲ್ಲ. ಅದು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂತು. ಅಲ್ಲಿಯವರೆಗೆ ಈ ನಾಡಿನ ಅಡುಗೆಗೆ ಖಾರ ಕೊಡುತ್ತಿದ್ದದ್ದು ಮುಖ್ಯವಾಗಿ ಕಾಳುಮೆಣಸು ಮತ್ತು ಶುಂಠಿ. ಟೊಮೆಟೊ, ಆಲೂಗಡ್ಡೆ, ಶೇಂಗಾ, ಇವೆಲ್ಲವೂ ಅದೇ ಖಂಡದಿಂದ ಬಂದವು.

ನಮ್ಮ ಎದುರು ಮನೆಯಲ್ಲಿರುವವರು ಧಾರವಾಡದ ಕಡೆಯವರು, ಶಾಕಾಹಾರಿಗಳು. ಅವರಿಗೂ ರುಚಿ ತೋರಿಸಬೇಕೆನಿಸಿತು. ಅಬ್ಬಾಸಿ ಕಾಲದ ಬಾಗ್ದಾದಿನಲ್ಲಿ ಕ್ರೈಸ್ತರ ಉಪವಾಸದ ದಿನಗಳಿಗೆಂದೂ ಕಾಯಿಲೆಯವರಿಗೆಂದೂ ಮಾಂಸವಿಲ್ಲದ ಅಡುಗೆಗಳಿದ್ದವು. ಅಲ್ ವರ್ರಾಕ್ ಅವನ್ನೂ ಪ್ರೀತಿಯಿಂದ ಬರೆದಿಟ್ಟಿದ್ದಾರೆ. ಜೊತೆಗಿರುವವರು ಉಣ್ಣುವುದೇನು, ಬಿಡುವುದೇನು ಎಂದು ಅರಿತು ಅಡುಗೆ ಮಾಡುವುದು ಹಾಗಾದರೆ ಹಳೆಯ ಸಂಪ್ರದಾಯವೇ. ಬೇರೆ ಬಾಣಲೆಯಲ್ಲಿ, ಹೊಸ ಎಣ್ಣೆಯಲ್ಲಿ ಬರೀ ಬದನೆಕಾಯಿ, ಈರುಳ್ಳಿ ಕರಿದು ಒಂದು ಡಬ್ಬಿಯಲ್ಲಿ ಕೊಟ್ಟುಬಂದೆವು. ಬಾಣಲೆ ಬೇರೆ ಎಂಬುದನ್ನೂ ಹೇಳಿದೆವು.

ಸಂಜೆ ಅವರೇ ಬಂದರು. “ಛಲೋ ಐತ್ರಿ ಅಕ್ಕಾರ. ಆದ್ರ ಖಾರಾನ ಇಲ್ಲಲ್ರಿ ಇದಕ್ಕ?” ಎಂದರು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಡಬ್ಬಿಯ ತುಂಬ ಎಣಗಾಯಿ ಇತ್ತು. ಶೇಂಗಾಪುಡಿ, ಎಳ್ಳು, ಕೆಂಪು ಖಾರ ತುಂಬಿದ ಎಳೆ ಬದನೆಕಾಯಿ. “ಇದು ನಮ್ಮ ಹಿರ್ಯಾರ ಕಾಲದಿಂದ ಬಂದದ್ದು ನೋಡ್ರಿ” ಎಂದರು. ಮಾತು ನಿಜವೇ. ಆದರೆ ಆ ಎಣಗಾಯಿಯ ಶೇಂಗಾ, ಖಾರ ಎರಡೂ ಸಮುದ್ರ ದಾಟಿ ಬಂದವು. ಪರದೇಶದ್ದೆಂದು ನಾವು ತಿಳಿದಿದ್ದ ಬೂರಾನಿಯ್ಯದ ಬದನೆಕಾಯಿ ಈ ನೆಲದಿಂದ ಹೋದದ್ದು. ಅದನ್ನು ಅವರಿಗೆ ಹೇಳಿದಾಗ ಇಬ್ಬರೂ ಬಹಳ ಹೊತ್ತು ನಕ್ಕೆವು.

ನಮ್ಮ ಮನೆಗಳಲ್ಲಿ ಬಿರಿಯಾನಿಯ ಜೊತೆಗೆ ಬದನೆಕಾಯಿಯ ಸಾಲನ್ ಮಾಡುತ್ತಾರೆ. ಅಮ್ಮಿ ಮಾಡುತ್ತಿದ್ದ ಸಾಲನ್ನಿನ ಹದ ನಮಗೆ ಇಂದಿಗೂ ಸಿಕ್ಕಿಲ್ಲ. ಅವರು ಬರೆದಿಡಲಿಲ್ಲ, ನಾವು ಕೇಳಲಿಲ್ಲ. ಸುಲ್ತಾನರ, ದೊರೆಗಳ ಅಡುಗೆಗೆ ಗ್ರಂಥಗಳಿವೆ. ಅವನ್ನು ಬರೆದವರು ಗಂಡಸರು. ಆದರೆ ದಿನವೂ ಒಲೆಯ ಮುಂದೆ ನಿಂತ ಹೆಂಗಸರ ವಿದ್ಯೆಯ ಬಹುಪಾಲು ಅವರೊಂದಿಗೇ ಮಣ್ಣಾಯಿತು. ಬೂರಾನರ ಹೆಸರು ಉಳಿದದ್ದು ಅಪರೂಪದ ಅಪವಾದ. ಆದ್ದರಿಂದ ಎದುರು ಮನೆಯವರಿಂದ ಎಣಗಾಯಿಯ ಕ್ರಮವನ್ನು ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಂಡೆವು. ನಮ್ಮ ಸಾಲನ್ನನ್ನು, ನೆನಪಿದ್ದಷ್ಟು, ಅವರ ಪುಸ್ತಕದಲ್ಲಿ ಬರೆದುಕೊಟ್ಟೆವು.

2010ರ ಫೆಬ್ರವರಿಯಲ್ಲಿ ಕುಲಾಂತರಿ ಬದನೆಯ ಬಗ್ಗೆ ಬೆಂಗಳೂರಿನಲ್ಲಿ ಸಾರ್ವಜನಿಕ ಸಭೆ ನಡೆದಾಗ, ಈ ಕಾಯಿಯ ತವರು ನಮ್ಮದು, ಅದರ ವೈವಿಧ್ಯವನ್ನು ಕಾಪಾಡಬೇಕು ಎಂಬ ಮಾತು ಬಲವಾಗಿ ಕೇಳಿಬಂದಿತ್ತು. ಉಡುಪಿಯ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ತವರಿನ ಅಭಿಮಾನ ಒಳ್ಳೆಯದೇ. ಆದರೆ ತವರಿನಿಂದ ಹೊರಟ ಕಾಯಿಗೆ ಊರೂರಿನವರು ಬಾಗಿಲು ತೆರೆದದ್ದರಿಂದಲೇ ಅದು ಜಗತ್ತಿನದ್ದಾಯಿತು ಎಂಬುದನ್ನೂ ಮರೆಯಬಾರದು.

‘ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ?’ ಎಂದು ಇನ್ನು ಮುಂದೆ ಯಾರಾದರೂ ಕೇಳಿದರೆ ನಾವು ಬೇಸರಪಡುವುದಿಲ್ಲ. ಒಳಗೆ ಕರೆದು ಕೂರಿಸಿ, ಬದನೆಕಾಯಿಯ ಈ ಕಥೆಯನ್ನು ಹೇಳುತ್ತೇವೆ. ಕಥೆ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.